ನಕ್ಷೆಯಲ್ಲಿ ಖಾಲಿ ಕಾಣುವ ಪಾರ್ಕು

ಯೋಜನೆ ಹಾಕುವವರ ಕಣ್ಣು ಹಳೇ ಪಾರ್ಕಿನ ಮೇಲೇ ಯಾಕೆ ಬೀಳುತ್ತದೆ? ಯಾರ ಮನೆಯನ್ನೂ ಒಡೆಯಬೇಕಿಲ್ಲ, ಪರಿಹಾರದ ತಲೆನೋವಿಲ್ಲ. ನಕ್ಷೆಯಲ್ಲಿ ಅದು ಸುಮ್ನೆ ಖಾಲಿ ಜಾಗ, ಅಲ್ವಾ!

ಅಮೆರಿಕದ ಮೆಂಫಿಸ್‌ನಲ್ಲಿ ಓವರ್ಟನ್ ಪಾರ್ಕ್ ಅಂತ ಇದೆ. ಅದರ ಹಳೇ ಕಾಡನ್ನು ಸೀಳಿ ಆರು ಲೇನಿನ ಹೆದ್ದಾರಿ ಹಾಯಿಸಲು ಹೊರಟಿದ್ದರು. ಊರಿನವರು ಪಟ್ಟು ಬಿಡದೆ ಕೋರ್ಟ್ ಹತ್ತಿದರು. ಸರಿಯಾದ ಬೇರೆ ದಾರಿ ಇದ್ದರೆ ಪಾರ್ಕು ಮುಟ್ಟುವಂತಿಲ್ಲ, ಖರ್ಚು ಜಾಸ್ತಿ ಅನ್ನುವ ನೆಪವೊಂದೇ ಸಾಲದು ಎಂಬ ಅರ್ಥದಲ್ಲಿ 1971ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಅಷ್ಟರಲ್ಲಿ ಪಾರ್ಕಿನಾಚೆ ರಸ್ತೆಗೆಂದು ಎಷ್ಟೋ ಮನೆಗಳು ನೆಲಸಮವಾಗಿದ್ದವು, ಅದು ಬೇರೆ ಸಂಕಟ. ಪಾರ್ಕು ಸೀಳಬೇಕಿದ್ದ ಆ ಐ-40 ಹೆದ್ದಾರಿ ಇವತ್ತಿಗೂ ಸುತ್ತು ಬಳಸಿಯೇ ಹೋಗುತ್ತದೆ. ನಾಲ್ಕು ನಿಮಿಷ ತಡವಾದರೆ ಆಗಲಿ ಬಿಡಿ.