ನಾಲ್ಕೂ ಚಕ್ರ ಎಳೆಯುವ ಸಣ್ಣ ಕಾರು ಯಾವುದು ಕೊಳ್ಳಲಿ?

"ಕಪ್ಪು ಎರೆ ಮಣ್ಣಿನ ಹೊಲದ ದಾರಿಗೂ ಆಗಬೇಕು, ಹುಬ್ಬಳ್ಳಿಯ ಸಂದಣಿಯಲ್ಲೂ ನುಸುಳಬೇಕು, ಸಣ್ಣಪುಟ್ಟ ದುರಸ್ತಿ ನಾನೇ ಮಾಡಿಕೊಳ್ಳುವಂತಿರಬೇಕು. ನಾಲ್ಕು ಚಕ್ರಕ್ಕೂ ಎಳೆತವಿರುವ ಸಣ್ಣ ಕಾರು ಯಾವುದು ಒಳ್ಳೆಯದು?" ಪಾನಾ ಹಿಡಿದು ಸ್ವಂತ ಗಾಡಿಯ ಕೆಳಗೆ ಮಲಗುವವನು ಎಂದು ಗದುಗಿನಲ್ಲಿ ಹೆಸರಾದ ಮೇಲೆ ಮದುವೆ ಮನೆಯ ಪಂಕ್ತಿಯಲ್ಲೂ ನನಗೆ ಈ ಪ್ರಶ್ನೆ ತಪ್ಪಿಲ್ಲ. ಹೊಸದಾದರೆ ಮಾರುತಿ ಸುಜುಕಿಯ ಜಿಮ್ನಿ, ಹಳೆಯದಾದರೆ ಅದೇ ಕಂಪನಿಯ ಜಿಪ್ಸಿ ಎನ್ನುತ್ತೇನೆ. ಆದರೆ ಅದಕ್ಕೂ ಮೊದಲು ನಾನೇ ಒಂದು ಪ್ರಶ್ನೆ ಕೇಳುತ್ತೇನೆ: ನಿಮ್ಮ ಹೊಲ ಯಾವ ಕಡೆ?

ಕಲಘಟಗಿ, ಹಾನಗಲ್ ಕಡೆಯ ಕೆಂಪು ಮಣ್ಣಾದರೆ ಮಳೆ ನಿಂತ ಸ್ವಲ್ಪ ಹೊತ್ತಿಗೆ ದಾರಿ ಗಟ್ಟಿಯಾಗುತ್ತದೆ. ಅಂಥಲ್ಲಿ ಒಳ್ಳೆಯ ಟೈರು ಹಾಕಿದ, ನೆಲದಿಂದ ಎತ್ತರವಿರುವ ಸಾಮಾನ್ಯ ಕಾರೇ ಬಹಳ ಮಂದಿಗೆ ಸಾಕು. ನವಲಗುಂದ, ಅಣ್ಣಿಗೇರಿ, ನರಗುಂದದ ಎರೆ ಬೇರೆಯೇ ಜಾತಿ. ಅದು ನೀರು ಕುಡಿದು ಉಬ್ಬುತ್ತದೆ, ಟೈರಿನ ಹಲ್ಲುಗಳ ಸಂದು ತುಂಬಿಕೊಳ್ಳುತ್ತದೆ, ಮಡ್‌ಗಾರ್ಡಿನೊಳಗೆ ಗಿಡಿದು ಚಕ್ರವನ್ನೇ ಹಿಡಿದುಬಿಡುತ್ತದೆ. ಹದ ಮೀರಿ ನೆನೆದ ಎರೆ ಹೊಲದೊಳಗೆ ಯಾವ ಕಾರನ್ನೂ ಇಳಿಸಬೇಡಿ. ಎರಡು ಚಕ್ರ ಜಾರುವ ಬದಲು ನಾಲ್ಕೂ ಜಾರುತ್ತವೆ, ಅಷ್ಟೇ. ನಾಲ್ಕು ಚಕ್ರದ ಎಳೆತ ಉಪಯೋಗಕ್ಕೆ ಬರುವುದು ಹೊಲದ ಅಂಚಿನ ಬಂಡಿದಾರಿಯಲ್ಲಿ, ಹಳ್ಳದ ಏರಿನಲ್ಲಿ, ಕಪ್ಪತಗುಡ್ಡದ ಸುತ್ತಲಿನ ಜಲ್ಲಿಕಲ್ಲಿನ ದಾರಿಗಳಲ್ಲಿ.

ಇಷ್ಟಾದ ಮೇಲೂ ಬೇಕೇ ಬೇಕು ಎನ್ನುವವರು ಒಂದು ವ್ಯತ್ಯಾಸ ತಿಳಿದಿರಬೇಕು. ಆಲ್ ವೀಲ್ ಡ್ರೈವ್ ಎಂದು ಮಾರುವ ಹೆಚ್ಚಿನ ಸಣ್ಣ ಗಾಡಿಗಳಲ್ಲಿ ಮುಂದಿನ ಚಕ್ರ ಜಾರಿದಾಗ ಒಂದು ಕಪ್ಲಿಂಗ್ ತಾನಾಗಿ ಬಿಗಿದುಕೊಂಡು ಹಿಂದಿನ ಚಕ್ರಗಳಿಗೂ ಶಕ್ತಿ ಕಳಿಸುತ್ತದೆ. 2014ರಲ್ಲಿ ನಮ್ಮಲ್ಲಿಗೆ ಬಂದ ರೆನೋ ಡಸ್ಟರ್‌ನ ಆಲ್ ವೀಲ್ ಡ್ರೈವ್ ಮಾದರಿ ಈ ಬಗೆಯದು. ರಸ್ತೆಯ ಮೇಲೆ ಸೊಗಸಾಗಿ ಓಡುತ್ತದೆ. ಆದರೆ ಕೆಸರಿನಲ್ಲಿ ಬಹಳ ಹೊತ್ತು ಗುದ್ದಾಡಿದರೆ ಕಪ್ಲಿಂಗ್ ಕಾದು ಕೈಕೊಡುತ್ತದೆ, ಆಗ ಪಾನಾ ಹಿಡಿದವನಿಗೆ ಮಾಡಲು ಏನೂ ಉಳಿಯುವುದಿಲ್ಲ. ಇಂಥ ಗಾಡಿಯಲ್ಲಿ ಒಂದೇ ಟೈರು ಹೊಸದು ಹಾಕುವುದೂ ತಪ್ಪು. ಸುತ್ತಳತೆ ಬೇರೆಯಾದ ಚಕ್ರ ಬೇರೆ ವೇಗದಲ್ಲಿ ತಿರುಗುತ್ತದೆ, ಕಪ್ಲಿಂಗ್ ಅದನ್ನು ಜಾರಿಕೆ ಎಂದುಕೊಂಡು ಸುಮ್ಮನೆ ದುಡಿದು ಸವೆಯುತ್ತದೆ. ನಾಲ್ಕನ್ನೂ ಒಟ್ಟಿಗೆ ಬದಲಿಸುವ ಖರ್ಚನ್ನು ಷೋರೂಮಿನಲ್ಲಿ ಯಾರೂ ಹೇಳುವುದಿಲ್ಲ.

ಜಿಮ್ನಿ, ಜಿಪ್ಸಿ, ಮಹೀಂದ್ರಾ ಥಾರ್‌ಗಳದು ಹಳೆಯ ಪದ್ಧತಿ. ಬೇಕಾದಾಗ ನಾವೇ ಲಿವರ್ ಎಳೆದು ಮುಂದಿನ ಆಕ್ಸಲ್ ಜೋಡಿಸಬೇಕು. ಒಣ ಡಾಂಬರಿನ ಮೇಲೆ ಇದನ್ನು ಹಾಕಿಕೊಂಡು ಓಡಿಸಬಾರದು. ತಿರುವಿನಲ್ಲಿ ಮುಂದಿನ ಮತ್ತು ಹಿಂದಿನ ಚಕ್ರಗಳು ಕ್ರಮಿಸುವ ದೂರ ಒಂದೇ ಅಲ್ಲ. ಆ ವ್ಯತ್ಯಾಸ ಸರಿದೂಗಿಸಲು ನಡುವೆ ಡಿಫರೆನ್ಷಿಯಲ್ ಇಲ್ಲದ್ದರಿಂದ ಒತ್ತಡವೆಲ್ಲ ಗೇರು, ಟೈರುಗಳ ಮೇಲೆ ಬೀಳುತ್ತದೆ. ಈ ಒಂದು ಶಿಸ್ತು ಪಾಲಿಸಿದರೆ ಯಂತ್ರ ಬಹಳ ವರ್ಷ ಬಾಳುತ್ತದೆ. ಭಾಗಗಳೆಲ್ಲ ಕಣ್ಣಿಗೆ ಕಾಣುತ್ತವೆ, ಕೈಗೆ ಸಿಗುತ್ತವೆ. ನನಗೆ ಅದೇ ಮುಖ್ಯ.

ಜಿಮ್ನಿ 2023ರ ಜೂನ್‌ನಲ್ಲಿ ಬಂತು. 1,462 ಸಿ.ಸಿ. ಪೆಟ್ರೋಲ್ ಎಂಜಿನ್, ಟೈಮಿಂಗ್ ಬೆಲ್ಟ್ ಬದಲು ಚೈನ್, ಉದ್ದ 3,985 ಮಿ.ಮೀ., ನೆಲದಿಂದ 210 ಮಿ.ಮೀ. ಎತ್ತರ. ಎಂಜಿನ್ ಕಂಪನಿಯ ಬೇರೆ ಕಾರುಗಳಲ್ಲೂ ಬಂದಿರುವುದರಿಂದ ಬಿಡಿಭಾಗಕ್ಕೆ ಅಲೆಯಬೇಕಿಲ್ಲ. ಹಿಂದೆ ಸಾಮಾನಿಗೆ ಜಾಗ ಕಡಿಮೆ. ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ಚೀಲ ಒಯ್ಯುವವರಿಗೆ ಇದು ಹೇಳಿದ್ದಲ್ಲ. ಥಾರ್ ಬಲಶಾಲಿ, ಆದರೆ ಭಾರ. ಬಿಎಸ್6 ಹೊಗೆ ನಿಯಮಕ್ಕೆ ತಕ್ಕ ಅದರ ಡೀಸೆಲ್ ಎಂಜಿನ್ನಿನ ಮಸಿ ಸೋಸುವ ಫಿಲ್ಟರ್ ಬರೀ ಊರೊಳಗಿನ ಓಡಾಟದಲ್ಲಿ ಕಟ್ಟಿಕೊಳ್ಳುತ್ತದೆ, ಮನೆಯಲ್ಲಿ ಬಿಡಿಸುವ ಕೆಲಸ ಅದಲ್ಲ. 2023ರಿಂದ ಹಿಂದಿನ ಚಕ್ರ ಮಾತ್ರ ಎಳೆಯುವ ಥಾರ್ ಕೂಡ ಇದೆ, ನೋಡಿ ಕೊಳ್ಳಿ. ಮೈಲೇಜ್ ಎಷ್ಟು ಎಂದು ಕೇಳುವವರಿಗೆ ಜಿಮ್ನಿ, ಜಿಪ್ಸಿ, ಥಾರ್ ಮೂರೂ ಬೇಡ.

ಮನೆಯ ಕೆಲಸ ಯಾವುದೆಂದರೆ, ಮುಖ್ಯವಾಗಿ ಆಯಿಲ್. ಇಂಥ ಗಾಡಿಯಲ್ಲಿ ಐದು ಕಡೆ ಆಯಿಲ್ ಇರುತ್ತದೆ: ಎಂಜಿನ್, ಗೇರ್‌ಬಾಕ್ಸ್, ಎರಡೂ ಆಕ್ಸಲ್‌ಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್, ಮುಂದಿನ ಮತ್ತು ಹಿಂದಿನ ಡಿಫರೆನ್ಷಿಯಲ್. ಕೊನೆಯ ಎರಡನ್ನು ನಮ್ಮವರು ಮರೆಯುತ್ತಾರೆ. ಬೆಣ್ಣೆಹಳ್ಳದಂಥ ಕಡೆ ನೀರು ದಾಟಿದಾಗ ಕಾದ ಆಕ್ಸಲ್ ತಟ್ಟನೆ ತಣ್ಣಗಾಗುತ್ತದೆ, ಒಳಗಿನ ಗಾಳಿ ಕುಗ್ಗುತ್ತದೆ. ಮೇಲಿನ ಗಾಳಿಕೊಳವೆ ಮಣ್ಣಿನಿಂದ ಕಟ್ಟಿದ್ದರೆ ಸೀಲಿನ ಸಂದಿನಿಂದ ನೀರನ್ನೇ ಒಳಕ್ಕೆ ಎಳೆದುಕೊಳ್ಳುತ್ತದೆ. ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಅಂದೇ ಬದಲಿಸಿ. ಹಳೆಯ ಆಯಿಲ್ ಇಳಿಸುವ ಮೊದಲು, ಹೊಸದು ತುಂಬುವ ತೂತಿನ ಬೋಲ್ಟ್ ಬಿಚ್ಚಿ ನೋಡಿ. ಅದು ಬಿಚ್ಚಲಿಲ್ಲವೆಂದರೆ ಖಾಲಿ ಹೌಸಿಂಗ್ ಹೊತ್ತ ಗಾಡಿ ಅಂಗಳದಲ್ಲೇ ಕೂರುತ್ತದೆ. ಕೆಲಸವನ್ನು ಫರಸಿ ಹಾಸಿದ ನೆಲದ ಮೇಲೆ ಮಾಡಿ. ಬರೀ ಜಾಕ್ ನಂಬಿ ಕೆಳಗೆ ನುಗ್ಗಬೇಡಿ, ಸ್ಟ್ಯಾಂಡ್ ಕೊಡಲೇಬೇಕು. ಎರೆ ಮಣ್ಣನ್ನು ಹಸಿಯಿದ್ದಾಗಲೇ ತೊಳೆಯಿರಿ. ರಿಮ್ಮಿನೊಳಗೆ ಒಣಗಿ ಕಲ್ಲಾದರೆ ಸ್ಟೀರಿಂಗ್ ನಡುಗುತ್ತದೆ, ನೀವು ಅಲೈನ್‌ಮೆಂಟ್‌ಗೆ ದುಡ್ಡು ಸುರಿಯುತ್ತೀರಿ.

ಜಿಪ್ಸಿ 1985ರಿಂದ ಬಂದದ್ದು. ಸಾರ್ವಜನಿಕರಿಗೆ ಮಾರಾಟ ನಿಂತದ್ದು 2019ರಲ್ಲಿ. ನಾಲ್ಕೂ ಕಡೆ ಕಮಾನು ಪಟ್ಟಿಯ ಸ್ಪ್ರಿಂಗ್, ಹಿಂದೆ ಕುಳಿತವರ ಬೆನ್ನಿಗೆ ಶಿಕ್ಷೆ. ಆದರೆ ಕೈಯಾರೆ ಕಲಿಯುವವನಿಗೆ ಇದಕ್ಕಿಂತ ಒಳ್ಳೆಯ ಗಾಡಿ ನಾನು ಕಾಣೆ. ಹಳೆಯದನ್ನು ಕೊಳ್ಳುವಾಗ ಬಣ್ಣ ನೋಡಬೇಡಿ. ಚಾಸಿಯ ತುಕ್ಕು ನೋಡಿ, ಮುಂದಿನ ಚಕ್ರದ ಹಿಂಬದಿ ಗುಂಡಿನಂಥ ಭಾಗದಿಂದ ಗ್ರೀಸು ಆಯಿಲ್ ಬೆರೆತು ಸೋರುತ್ತಿದೆಯೇ ನೋಡಿ, ಮಣ್ಣಿನ ಮೇಲೆ ಲಿವರ್ ಎಳೆದು ಮುಂದಿನ ಚಕ್ರಗಳೂ ತಿರುಗುತ್ತವೆಯೇ ಎಂದು ಖಾತ್ರಿ ಮಾಡಿಕೊಳ್ಳಿ. ಹದಿನೈದು ವರ್ಷ ದಾಟಿದ್ದರೆ ನೋಂದಣಿ ನವೀಕರಣವಾಗಿದೆಯೇ ಎಂದು ಆರ್‌ಸಿ ಪುಸ್ತಕ ಕೈಗೆ ತೆಗೆದುಕೊಂಡೇ ಮುಂಗಡ ಕೊಡಿ.