ಡಿ ಕ್ಲಾಸು ಕಾಗದ

ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ 19 ವರ್ಷ ಕೂತವಳು ನಾನು. ಕೆಂಪು ಬಟ್ಟೆ ಸುತ್ತಿದ ಬಸ್ತಾ, ಗೆದ್ದಲು, ಧೂಳಿಗೆ ಬರುವ ಸೀನು, ಇದರಲ್ಲೇ ಅರ್ಧ ಆಯಸ್ಸು ಹೋಯಿತು. ರಿಟೈರ್ ಆದ ಮೇಲೆ ಅಕ್ಕನ ಮಗ ಪುಟ್ಟ ಅಮೆರಿಕದ ಆನ್ ಆರ್ಬರ್‌ಗೆ ಕರೆಸಿಕೊಂಡ. ಅವನು ಅಲ್ಲಿನ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾನೆ. ನಯಾಗರ ತೋರಿಸುತ್ತಾನೆ ಅಂದುಕೊಂಡಿದ್ದೆ. ಮೊದಲ ವಾರವೇ, "ಚಿಕ್ಕಮ್ಮ, ನಾಳೆ ನನಗೆ ಬೆಂಟ್ಲಿ ಲೈಬ್ರರಿಯಲ್ಲಿ ಕೆಲಸ ಇದೆ. ಬರ್ತೀರಾ? ಹಳೇ ಕಡತ ನೋಡೋದು, ನಿಮಗೆ ಇಷ್ಟ ಆಗತ್ತೆ" ಅಂದ.

ಬೆಂಟ್ಲಿ ಇರುವುದು ಊರಿನ ಉತ್ತರಕ್ಕಿರುವ ಕ್ಯಾಂಪಸ್ಸಿನಲ್ಲಿ. ಯೂನಿವರ್ಸಿಟಿಯ ನೀಲಿ ಬಸ್ಸು, ಟಿಕೆಟ್ ಇಲ್ಲ. ಒಳಗೆ ಹೋಗುತ್ತಿದ್ದಂತೆ ಬ್ಯಾಗು, ಕೋಟು, ನೀರಿನ ಬಾಟಲಿ ಎಲ್ಲ ಲಾಕರಿಗೆ. ನನ್ನ ಪೆನ್ನನ್ನೂ ಇಸಿದುಕೊಂಡು ಪೆನ್ಸಿಲ್ ಕೊಟ್ಟರು. ಇಂಕು ತಾಗಬಾರದಂತೆ. ನಮ್ಮ ಕಚೇರಿಯಲ್ಲಿ ಕಡತದ ಮೇಲೇ ಟೀ ಲೋಟ ಇಡುತ್ತಿದ್ದವರು ನೆನಪಾಗಿ ನಗು ಬಂತು.

ಪುಟ್ಟ ತರಿಸಿದ್ದು ಸ್ಪೆಕ್ಟ್ರಮ್ ಸೆಂಟರಿನ ಹಳೇ ಕಾಗದಗಳ ಪೆಟ್ಟಿಗೆ. ಗೇ, ಲೆಸ್ಬಿಯನ್, ಟ್ರಾನ್ಸ್ ವಿದ್ಯಾರ್ಥಿಗಳಿಗಾಗಿ ಯೂನಿವರ್ಸಿಟಿಯೇ ನಡೆಸುವ ಕಚೇರಿ ಅದು. 1971ರಲ್ಲಿ ಶುರುವಾಯಿತು. ಅಮೆರಿಕದ ಕಾಲೇಜುಗಳಲ್ಲಿ ಇಂಥದ್ದು ಅದೇ ಮೊದಲು. ಪುಟ್ಟ ಅಲ್ಲಿಗೆ ಹೋಗುತ್ತಾನೆ. ಯಾಕೆ ಅಂತ ನನಗೆ ಗೊತ್ತು. ಎರಡು ವರ್ಷದ ಹಿಂದೆ ಫೋನಿನಲ್ಲಿ ಹೇಳಿದ್ದ. ಅವರಮ್ಮನಿಗೂ ಹೇಳಿದ್ದಾನೆ. ಅಕ್ಕ ಅವತ್ತಿನಿಂದ ಆ ವಿಷಯ ಬಂದರೆ ಮಳೆ, ತೆಂಗಿನಕಾಯಿ ರೇಟು ಅಂತ ಮಾತು ತಿರುಗಿಸುತ್ತಾಳೆ.

ಒಂದು ಸಲಕ್ಕೆ ಒಂದೇ ಫೋಲ್ಡರ್ ತೆಗೆಯಬೇಕು. ತೆಗೆದ ಜಾಗಕ್ಕೆ ರಟ್ಟಿನ ಗುರುತು ಇಡಬೇಕು. ಒಳಗಿನ ಹಾಳೆಗಳ ಅಂಚು ಸರಿಯಿಲ್ಲ ಅಂತ ನಾನು ಅಭ್ಯಾಸಬಲದಿಂದ ಮೇಜಿಗೆ ಕುಟ್ಟಿ ಜೋಡಿಸಲು ಹೋದೆ. ಪುಟ್ಟ ಕೈ ಹಿಡಿದ. "ಹೇಗಿದೆಯೋ ಹಾಗೇ ಇರಲಿ ಚಿಕ್ಕಮ್ಮ."

ಕೈಗೆ ಬಂದದ್ದು ಒಂದು ಸೈಕ್ಲೋಸ್ಟೈಲ್ ಹಾಳೆ. ಯಾವುದೋ ಮೀಟಿಂಗಿನ ಕರಪತ್ರ. ನೋಡಿದ ಕೂಡಲೇ ಗುರುತು ಸಿಕ್ಕಿತು. ಸ್ಟೆನ್ಸಿಲ್ ಹಾಳೆಯ ಮೇಲೆ ಜೋರಾಗಿ ಟೈಪ್ ಮಾಡಿದರೆ 'ಓ' ಅಕ್ಷರದ ನಡುವಿನ ಚೂರು ಉದುರಿಹೋಗುತ್ತದೆ, ಅಚ್ಚಾಗುವಾಗ ಬರೀ ಕಪ್ಪು ಚುಕ್ಕೆ ಬೀಳುತ್ತದೆ. ಇಲ್ಲೂ ಹಾಗೇ ಆಗಿತ್ತು. ನಾಲ್ಕು ಮೂಲೆಗೂ ಪಿನ್ನಿನ ತೂತು, ಸುತ್ತ ತುಕ್ಕಿನ ಕಲೆ. ಬೋರ್ಡಿನ ಮೇಲೆ ಜಾಸ್ತಿ ದಿನ ಇದ್ದ ಹಾಳೆ. ಹಿಂಬದಿಯಲ್ಲಿ ಯಾರೋ ಪೆನ್ಸಿಲಿನಲ್ಲಿ ಕೂಡುವ ಲೆಕ್ಕ ಹಾಕಿದ್ದರು. ನಮ್ಮಲ್ಲಾದರೆ ಇದಕ್ಕೆ ಇನ್ವರ್ಡ್ ನಂಬರೂ ಬೀಳುತ್ತಿರಲಿಲ್ಲ.

ಪುಟ್ಟ ಪಿಸುಮಾತಿನಲ್ಲಿ ಕತೆ ಹೇಳುತ್ತಾ ಹೋದ. ಜಿಮ್ ಟಾಯ್ ಅಂತ ಒಬ್ಬರು. ತಂದೆಯ ಕಡೆಯಿಂದ ಚೀನಾ ಮೂಲದವರು. 1970ರ ಏಪ್ರಿಲ್‌ನಲ್ಲಿ ಡೆಟ್ರಾಯಿಟ್‌ನ ಕೆನಡಿ ಸ್ಕ್ವೇರಿನಲ್ಲಿ ವಿಯೆಟ್ನಾಂ ಯುದ್ಧದ ವಿರುದ್ಧ ಸಭೆ ನಡೆದಾಗ, ಮೈಕಿನ ಮುಂದೆ ನಿಂತು ತಾನು ಗೇ ಅಂತ ಹೇಳಿಬಿಟ್ಟರು. ಆಗ ಅವರಿಗೆ 40ರ ಆಸುಪಾಸು. ಅದೇ ವರ್ಷ ಇಲ್ಲಿನ ಗೇ ಸಂಘಟನೆ ಸಮ್ಮೇಳನಕ್ಕೆ ಜಾಗ ಕೇಳಿದರೆ, ಯೂನಿವರ್ಸಿಟಿಯ ಆಗಿನ ಅಧ್ಯಕ್ಷ ರಾಬೆನ್ ಫ್ಲೆಮಿಂಗ್ ಕೊಡಲಿಲ್ಲ. ಮರುವರ್ಷ ಕಚೇರಿ ಶುರುವಾಯಿತು. ಟಾಯ್ ಮತ್ತು ಸಿಂಡಿ ಗೇರ್ ಇಬ್ಬರೇ. ಅದೂ ಪೂರ್ತಿ ಕೆಲಸವಲ್ಲ, ಇಬ್ಬರಿಗೂ ಕಾಲು ಭಾಗದ ಹೊತ್ತಿನ ಹುದ್ದೆ. ಅಂದರೆ ಇಬ್ಬರನ್ನೂ ಸೇರಿಸಿದರೆ ಅರ್ಧ ಆಳು! ಸರ್ಕಾರಿ ನೌಕರಿ ಮಾಡಿದವರಿಗೆ ಈ ಲೆಕ್ಕ ಚೆನ್ನಾಗಿ ಅರ್ಥವಾಗುತ್ತದೆ. ಬೇಡ ಅನ್ನಲೂ ಆಗದ, ಬೇಕು ಅನ್ನಲೂ ಮನಸ್ಸಿಲ್ಲದ ಹುದ್ದೆ.

ಮೊದಲಿಟ್ಟ ಹೆಸರು ಹ್ಯೂಮನ್ ಸೆಕ್ಶುಆಲಿಟಿ ಆಫೀಸ್. ಗೇ, ಲೆಸ್ಬಿಯನ್ ಅನ್ನುವ ಮಾತೇ ಅದರಲ್ಲಿಲ್ಲ. ಆಮೇಲೆ ಲೆಸ್ಬಿಯನ್–ಗೇ ಮೇಲ್ ಪ್ರೋಗ್ರಾಮ್ಸ್ ಆಫೀಸ್ ಆಯಿತು. ಅದಾದ ಮೇಲೆ ಇನ್ನೂ ಉದ್ದ ಹೆಸರು, ಕೊನೆಗೆ ಸ್ಪೆಕ್ಟ್ರಮ್ ಸೆಂಟರ್. ಫೋಲ್ಡರಿನ ನೆತ್ತಿಯ ಚೀಟಿಗಳನ್ನು ಓದುತ್ತಾ ಹೋದರೆ ಸಾಕು, ಯಾವಾಗ ಎಷ್ಟು ಧೈರ್ಯ ಬಂತು ಅಂತ ತಿಳಿಯುತ್ತದೆ. ಕಚೇರಿ ಇದ್ದರೂ, ಲೈಂಗಿಕ ಒಲವಿನ ಕಾರಣಕ್ಕೆ ಭೇದ ಮಾಡಬಾರದು ಅಂತ ಯೂನಿವರ್ಸಿಟಿಯ ನಿಯಮದಲ್ಲಿ ಸೇರಿದ್ದು 1993ರಲ್ಲಿ. 22 ವರ್ಷ. ಲಿಂಗ ಗುರುತಿನ ಮಾತು ಸೇರಲು 2007 ಬರಬೇಕಾಯಿತು. ಟಾಯ್ 2022ರ ಜನವರಿ 1ರಂದು ತೀರಿಕೊಂಡರು.

ನಾನು ಆ ಕರಪತ್ರವನ್ನು ಇನ್ನೂ ಕೆಳಗಿಟ್ಟಿರಲಿಲ್ಲ. ಎಲ್ಲಿಂದಲೋ ಒಂದು ಹಳೇ ಕಡತ ತಲೆಗೆ ಬಂತು. ವಿಲೇವಾರಿ ಆದ ಕಡತ, ನಾಶಪಡಿಸುವ ಪಟ್ಟಿಗೆ ಸೇರಿಸಲು ಬಂದಿತ್ತು. ಇಬ್ಬರು ಹೆಂಗಸರು ಒಂದೇ ಮನೆಯಲ್ಲಿ ಸಂಸಾರ ಮಾಡಿಕೊಂಡಿದ್ದಾರೆ, ಊರಿನ ಮರ್ಯಾದೆ ಹೋಗುತ್ತಿದೆ ಅಂತ ಊರಿನವರು ತಹಶೀಲ್ದಾರರಿಗೆ ಕೊಟ್ಟ ಅರ್ಜಿ. ಕೆಳಗೆ ಹತ್ತಾರು ಹೆಬ್ಬೆಟ್ಟು. ಟಿಪ್ಪಣಿ ಹಾಳೆಯಲ್ಲಿ, ಇದು ಈ ಕಚೇರಿಗೆ ಸಂಬಂಧಿಸಿದ್ದಲ್ಲ, ಮುಕ್ತಾಯಗೊಳಿಸಿದೆ ಅಂತ ಒಂದೇ ಸಾಲು. ಡಿ ಕ್ಲಾಸು, ಅಂದರೆ ಕೆಲವೇ ವರ್ಷ ಇಟ್ಟು ನಾಶಪಡಿಸುವ ದರ್ಜೆ. ಮುದ್ದತ್ತು ಮುಗಿದಿತ್ತು. ಓದಿದೆ, ಪಟ್ಟಿಗೆ ಸೇರಿಸಿದೆ, ಸಹಿ ಹಾಕಿದೆ. ಆ ಹೆಂಗಸರ ಹೆಸರು ಏನು ಮಾಡಿದರೂ ನೆನಪಾಗುತ್ತಿಲ್ಲ. ಊರಿನ ಹೆಸರೂ ಅಷ್ಟೆ.

ಪುಟ್ಟನಿಗೆ ಹೇಳಿದೆ. ಅವನು ಬೈಯಲಿಲ್ಲ. "ನಿಯಮದ ಪ್ರಕಾರ ಮಾಡಿದ್ರಿ, ಅಲ್ವಾ" ಅಂದ. ಬೈದಿದ್ದರೇ ಚೆನ್ನಾಗಿತ್ತು. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನಲ್ಲೂ ಈಗ ಇಂಥ ಸಂಗ್ರಹ ಇದೆಯಂತೆ, ಸಲಿಂಗ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ 377ನೇ ಸೆಕ್ಷನ್ ವಿರುದ್ಧದ ಹೋರಾಟದ ಕಾಗದಗಳೆಲ್ಲ ಅಲ್ಲಿವೆಯಂತೆ. ಇರಲಿ, ಸಂತೋಷ. ಆದರೆ ನಾನು ಸಹಿ ಹಾಕಿದ್ದು ಅಲ್ಲಿ ಸಿಗುವುದಿಲ್ಲವಲ್ಲ.

ಬಾಗಿಲು ಹಾಕುವ ಹೊತ್ತಾಯಿತು. ಕರಪತ್ರವನ್ನು ಇದ್ದ ಹಾಗೇ, ಅಂಚು ಸೊಟ್ಟಗೇ ಬಿಟ್ಟು ಒಳಗಿಟ್ಟೆ.

ರಾತ್ರಿ ಮನೆಯಲ್ಲಿದ್ದಾಗ ಅಕ್ಕನ ಫೋನು. ಅಲ್ಲಿ ಇನ್ನೂ ನಸುಕು, ಹಾಲು ಕಾಯಿಸುತ್ತಿದ್ದಳು.

"ಎಲ್ಲಿಗೆ ಹೋಗಿದ್ರೇ?"

"ರೆಕಾರ್ಡ್ ರೂಮಿಗೆ."

"ಅಯ್ಯೋ, ಅಮೆರಿಕಕ್ಕೆ ಹೋಗಿ ಅಲ್ಲೂ ರೆಕಾರ್ಡ್ ರೂಮಾ? ಯಾವುದರ ಕಡತವೇ?"

ಪುಟ್ಟ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ. ನಾನು ಹೇಳಿದೆ. ಒಂದನ್ನೂ ಬಿಡದೆ, ಪಿನ್ನಿನ ತೂತಿನವರೆಗೆ ಹೇಳಿದೆ. ಅಕ್ಕ ಮಳೆಯ ಮಾತು ತೆಗೆಯಲಿಲ್ಲ. ಹಾಲು ಉಕ್ಕಿದ ಸದ್ದು ಕೇಳಿಸಿತು.