ಲ, ಳ ಮತ್ತು ಹೆಲ್ಸಿಂಕಿ

ಮಾತಿಗೂ ಮಿದುಳಿಗೂ ಇರುವ ನಂಟಿನ ಮೇಲೆ ಕೆಲಸ ಮಾಡುವವರೆಲ್ಲ ವರ್ಷಕ್ಕೊಮ್ಮೆ ಒಂದು ಊರಲ್ಲಿ ಸೇರುತ್ತಾರೆ. ಸೊಸೈಟಿ ಫಾರ್ ದಿ ನ್ಯೂರೋಬಯಾಲಜಿ ಆಫ್ ಲ್ಯಾಂಗ್ವೇಜ್ ಅನ್ನುವ ಸಂಘದ ಸಮ್ಮೇಳನ ಅದು. 2019ರ ಆಗಸ್ಟ್‌ನಲ್ಲಿ ಹೆಲ್ಸಿಂಕಿಯಲ್ಲಿ ನಡೆಯಿತು. ಆಗ ನಾನು ಜರ್ಮನಿಯಲ್ಲಿ ಪಿಎಚ್‌ಡಿ ಮಾಡುತ್ತಿದ್ದೆ, ಗೈಡ್ ಸಮೇತ ನಮ್ಮ ಲ್ಯಾಬಿಗೆ ಲ್ಯಾಬೇ ಹೊರಟಿತು. ಈಗ ಹೊಸದಾಗಿ ಸೇರಿದವರು ಅಲ್ಲಿ ಹೋಗಿ ಏನು ಮಾಡ್ತೀರಾ ಅಂತ ಕೇಳುತ್ತಿರುತ್ತಾರೆ, ಅದಕ್ಕೆ ಈ ಪೋಸ್ಟು.

ಅಲ್ಲಿ ಕೆಲವರು ಭಾಷಣ ಮಾಡುತ್ತಾರೆ, ಉಳಿದವರು ತಮ್ಮ ಕೆಲಸವನ್ನು ಒಂದು ದೊಡ್ಡ ಹಾಳೆಯಲ್ಲಿ, ಅಂದರೆ ಪೋಸ್ಟರಿನಲ್ಲಿ ತೋರಿಸುತ್ತಾರೆ. ನಮ್ಮ ಪೋಸ್ಟರ್ ಲ ಮತ್ತು ಳ ಬಗ್ಗೆ. ಕೂತವರ ಕಿವಿಗೆ "ಅಲ, ಅಲ, ಅಲ" ಅಂತ ಕೇಳಿಸುತ್ತಾ ಹೋಗುತ್ತೇವೆ, ನಡುವೆ ಅಪರೂಪಕ್ಕೊಂದು "ಅಳ" ಬರುತ್ತೆ. ಅವರು ಗಮನ ಕೊಡಬೇಕಾಗಿಲ್ಲ, ಎದುರಿಗೆ ಸದ್ದಿಲ್ಲದ ಸಿನಿಮಾ ಓಡುತ್ತಿರುತ್ತೆ. ಆದರೂ ಬೇರೆ ಸದ್ದು ಬಂದ ಸುಮಾರು ಕಾಲು ಸೆಕೆಂಡಿನೊಳಗೆ ಮಿದುಳು ಅದನ್ನು ಹಿಡಿದುಬಿಡುತ್ತೆ, ತಲೆಗೆ ಎಲೆಕ್ಟ್ರೋಡು ಇಟ್ಟು ಮಿದುಳಿನ ವಿದ್ಯುತ್ ಸಿಗ್ನಲ್ ದಾಖಲಿಸುವ ಇಇಜಿಯಲ್ಲಿ ಅದರ ಗುರುತು ಕಾಣುತ್ತೆ. ಮಿಸ್‌ಮ್ಯಾಚ್ ನೆಗೆಟಿವಿಟಿ ಅನ್ನುತ್ತಾರೆ, ಚಿಕ್ಕದಾಗಿ ಎಂಎಂಎನ್. ಕನ್ನಡದವರಿಗೂ, ತಮ್ಮ ಭಾಷೆಯಲ್ಲಿ ಳ ಇಲ್ಲದ ಜರ್ಮನ್ನರಿಗೂ ಅದೇ ಸದ್ದು ಕೇಳಿಸಿ ಹೋಲಿಸುವುದು ನಮ್ಮ ಕೆಲಸ. ಆಗಿನ್ನೂ ಡೇಟಾ ಅರ್ಧಂಬರ್ಧ, ಹಾಗಾಗಿ ಫಲಿತಾಂಶದ ಮಾತು ಇಲ್ಲಿ ಬೇಡ.

(ಕನ್ನಡದವರ ಇಇಜಿ ಮಾಡುವವರಿಗೆ ಒಂದು ಮಾತು. ಬರುವಾಗ ತಲೆಗೆ ಕೊಬ್ಬರಿ ಎಣ್ಣೆ ಹಚ್ಚಬೇಡಿ ಅಂತ ಮೊದಲೇ ಹೇಳಿ, ಎಣ್ಣೆ ಇದ್ದರೆ ಎಲೆಕ್ಟ್ರೋಡು ಸರಿಯಾಗಿ ಸಿಗ್ನಲ್ ಹಿಡಿಯಲ್ಲ. ಹಾಸ್ಯದ ಸಿನಿಮಾನೂ ಹಾಕಬೇಡಿ. ನಕ್ಕರೆ ಮುಖದ ಸ್ನಾಯುಗಳದ್ದೇ ಗಲಾಟೆ ರೆಕಾರ್ಡ್ ಆಗುತ್ತೆ.)

ಇಂಥ ಪೋಸ್ಟರ್ ತಗೊಂಡು ಹೆಲ್ಸಿಂಕಿಗೆ ಹೋಗುವುದು ಅಂದರೆ ಹುಡುಗಾಟ ಅಲ್ಲ. ಎಂಎಂಎನ್ ಬೆಳೆದದ್ದೇ ಅಲ್ಲಿ. 1978ರಲ್ಲಿ ಇದರ ಬಗ್ಗೆ ಮೊದಲು ಬರೆದವರಲ್ಲಿ ಮುಖ್ಯರು ಫಿನ್ಲೆಂಡಿನ ರಿಸ್ಟೊ ನ್ಯಾಟ್ಯಾನೆನ್. 1997ರಲ್ಲಿ ಅವರ ತಂಡ ನೇಚರ್ ಪತ್ರಿಕೆಯಲ್ಲಿ ಇನ್ನೊಂದು ಕೆಲಸ ಪ್ರಕಟಿಸಿತು. ಹೆಲ್ಸಿಂಕಿಯಿಂದ ಸಮುದ್ರ ದಾಟಿದರೆ ಎಸ್ಟೋನಿಯಾ, ದೂರ ಸುಮಾರು 80 ಕಿಲೋಮೀಟರು. ಫಿನ್ನಿಶ್, ಎಸ್ಟೋನಿಯನ್ ಎರಡೂ ಭಾಷೆಗಳು ನೆಂಟರೇ, ಆದರೆ ಎಸ್ಟೋನಿಯನ್‌ನಲ್ಲಿರುವ ಒಂದು ಸ್ವರ ಫಿನ್ನಿಶ್‌ನಲ್ಲಿ ಇಲ್ಲ. ಅದೇ ಸ್ವರವನ್ನು ಇಬ್ಬರಿಗೂ ಕೇಳಿಸಿದರೆ ಎಸ್ಟೋನಿಯನ್ನರ ಮಿದುಳು ಜೋರಾಗಿ ಪ್ರತಿಕ್ರಿಯಿಸಿತು, ಫಿನ್ನರದ್ದು ಮಂಕಾಗಿತ್ತು. ಕಿವಿಗೆ ಬಿದ್ದ ಸದ್ದು ಒಂದೇ, ಆದರೂ ಆಡುವ ಭಾಷೆಗೆ ತಕ್ಕಂತೆ ಮಿದುಳು ಬೇರೆ ಬೇರೆ. ನನಗೆ ಈ ಪ್ರಯೋಗದಲ್ಲಿ ಇಷ್ಟವಾದದ್ದು ಏನೆಂದರೆ, ಅವರು ಇಂಗ್ಲಿಷ್ ಹುಡುಕಿಕೊಂಡು ಹೋಗಲಿಲ್ಲ. ತಮ್ಮ ಮನೆಯ ಭಾಷೆ, ಪಕ್ಕದ ಮನೆಯ ಭಾಷೆ, ಅಷ್ಟರಲ್ಲೇ ಎಲ್ಲರಿಗೂ ಬೇಕಾದ ಪ್ರಶ್ನೆ ಕೇಳಿದರು. ನಾವಾದರೆ ಕನ್ನಡದ ಮೇಲೆ ಕೆಲಸ ಮಾಡಿದ ತಕ್ಷಣ ಮೊದಲ ಸಾಲಿನಲ್ಲೇ "ಕನ್ನಡ ಯಾಕೆ" ಅಂತ ಸಮಜಾಯಿಷಿ ಕೊಡಲು ಶುರುಮಾಡುತ್ತೇವೆ, ಅಲ್ವಾ?

ಸಮ್ಮೇಳನ ಇದ್ದದ್ದು ಫಿನ್ಲಾಂಡಿಯಾ ಹಾಲ್‌ನಲ್ಲಿ, ಆಲ್ವಾರ್ ಆಲ್ಟೊ ವಿನ್ಯಾಸ ಮಾಡಿದ ಬಿಳಿ ಅಮೃತಶಿಲೆಯ ಕಟ್ಟಡ. ಊಟ ಪರವಾಗಿಲ್ಲ, ಸಸ್ಯಾಹಾರಿಗಳಿಗೆ ರೈ ಹಿಟ್ಟಿನ ಹಾಳೆಯೊಳಗೆ ಅನ್ನ ತುಂಬಿದ ಕರೇಲಿಯನ್ ಪೈ ಇದೆ, ಮೇಲೆ ಮೊಟ್ಟೆ ಕಲಸಿದ ಬೆಣ್ಣೆ ಹಾಕದೆ ಕೊಡಿ ಅಂತ ಹೇಳಿದರಾಯಿತು. ದೊಡ್ಡ ದೊಡ್ಡ ಭಾಷಣಗಳು ಚೆನ್ನಾಗೇ ಇದ್ದವು, ಆದರೆ ಅವುಗಳ ಸಾರ ಆಮೇಲೆ ಪೇಪರಿನಲ್ಲಿ ಓದಲು ಸಿಕ್ಕೇ ಸಿಗುತ್ತೆ. ಪೋಸ್ಟರಿನ ಹತ್ತಿರ ನಡೆಯುವ ಮಾತು ಎಲ್ಲೂ ಸಿಗಲ್ಲ. ಗೋಡೆಗೆ ಪೋಸ್ಟರ್ ಅಂಟಿಸಿ ಪಕ್ಕದಲ್ಲಿ ನಿಂತಿರಬೇಕು, ಯಾರೋ ಕಾಫಿ ಹಿಡಿದು ಬಂದು ಓದಿ, ಏನೂ ಹೇಳದೆ ಹೋಗುತ್ತಾರೆ, ಇನ್ಯಾರೋ ಬಂದು ನಿಮ್ಮ ಅಡಿಪಾಯವನ್ನೇ ಅಲ್ಲಾಡಿಸುತ್ತಾರೆ.

ನಮ್ಮದನ್ನು ಅಲ್ಲಾಡಿಸಿದ್ದು ಒಬ್ಬ ಹಿರಿಯ ಹೆಂಗಸು. ಚಾರ್ಟುಗಳನ್ನು ಅವರು ನೋಡಲೇ ಇಲ್ಲ. ಕನ್ನಡದ ಗುಂಪು ಅಂತ ಬರೆದಿದ್ದೀರಲ್ಲ, ಇವರಿಗೆ ಬೇರೆ ಯಾವ ಭಾಷೆ ಬರುತ್ತೆ ಅಂದರು. ನಾನು ನಿಜ ಹೇಳಿದೆ. ಬರೀ ಕನ್ನಡ ಬರುವವರು ಒಬ್ಬರೂ ಇಲ್ಲ. ಇಂಗ್ಲಿಷ್ ಎಲ್ಲರಿಗೂ ಬರುತ್ತೆ, ಬಳ್ಳಾರಿ ಕಡೆಯವರಿಗೆ ತೆಲುಗು, ಇನ್ನು ಕೆಲವರ ಮನೆಮಾತು ಉರ್ದು. ತೆಲುಗಿನಲ್ಲಿ ಳ ಇದೆ, ಉರ್ದುವಿನಲ್ಲಿ ಇಲ್ಲ. ಹಾಗಾದರೆ ಇದು ಒಂದು ಗುಂಪು ಹೇಗಾಗುತ್ತೆ ಅಂತ ಅವರ ಪ್ರಶ್ನೆ. ನಮ್ಮ ಗೈಡ್ ಮುಖ ಸಣ್ಣದಾಯಿತು.

ಆಕೆ ಅಲ್ಲಿಗೇ ಬಿಡಲಿಲ್ಲ, ಹೈದರಾಬಾದಿನ ಕೆಲಸದ ವಿಷಯಕ್ಕೆ ಬಂದರು. ಸುವರ್ಣಾ ಅಲ್ಲಾಡಿಯವರ ತಂಡ 2013ರಲ್ಲಿ ಮರೆಗುಳಿ ಕಾಯಿಲೆಯ 648 ಜನರ ದಾಖಲೆ ನೋಡಿ, ಒಂದಕ್ಕಿಂತ ಜಾಸ್ತಿ ಭಾಷೆ ಬರುವವರಲ್ಲಿ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಶುರುವಾಗಿದೆ ಅಂತ ತೋರಿಸಿತ್ತು. ಬೇರೆ ದೇಶಗಳಲ್ಲಿ ಎರಡು ಭಾಷೆಯವರು ಅಂದರೆ ಎಷ್ಟೋ ಸಲ ವಲಸೆ ಬಂದವರು, ಹಾಗಾಗಿ ವ್ಯತ್ಯಾಸ ಭಾಷೆಯಿಂದಲೋ ವಲಸೆಯಿಂದಲೋ ಹೇಳುವುದು ಕಷ್ಟ. ಹೈದರಾಬಾದಿನಲ್ಲಿ ಹುಟ್ಟಿ ಬೆಳೆದವರೇ ಸಲೀಸಾಗಿ ಎರಡು ಮೂರು ಭಾಷೆ ಆಡುತ್ತಾರೆ. ನೀವು ತೊಂದರೆ ಅಂದುಕೊಂಡು ಬಚ್ಚಿಡುತ್ತಿರುವುದೇ ನಿಮ್ಮ ಹತ್ತಿರ ಇರುವ ಒಳ್ಳೆಯ ಡೇಟಾ ಅಂದುಬಿಟ್ಟು ಮುಂದಿನ ಪೋಸ್ಟರಿಗೆ ಹೋದರು.

ಅವತ್ತು ರಾತ್ರಿ ಊಟಕ್ಕೆ ಕೂತಾಗ ಲ್ಯಾಬಿನವರದ್ದೆಲ್ಲ ಇದೇ ಚರ್ಚೆ. ಜರ್ಮನ್ ಸಹೋದ್ಯೋಗಿಗಳಿಗೆ ಒಬ್ಬ ಮನುಷ್ಯ ಮನೆಯಲ್ಲಿ ಒಂದು, ಸ್ಕೂಲಲ್ಲಿ ಒಂದು, ಆಫೀಸಲ್ಲಿ ಒಂದು ಭಾಷೆ ಆಡುತ್ತಾನೆ ಅನ್ನುವುದನ್ನೇ ನಂಬಿಸಲು ಕಷ್ಟವಾಯಿತು. ವಾಪಸ್ ಬಂದ ಮೇಲೆ ನಾವು ಮೊದಲು ಮಾಡಿದ ಕೆಲಸ ಫಾರ್ಮ್ ಬದಲಾಯಿಸಿದ್ದು. "ಮಾತೃಭಾಷೆ" ಅಂತ ಒಂದೇ ಖಾಲಿ ಜಾಗ ಇತ್ತು. ಅದನ್ನು ತೆಗೆದು, ಅಮ್ಮನ ಹತ್ತಿರ ಯಾವುದು, ಅಜ್ಜಿ ಹತ್ತಿರ ಯಾವುದು, ಬೀದಿಯಲ್ಲಿ ಯಾವುದು, ಯಾವ ವಯಸ್ಸಿನಿಂದ ಅಂತೆಲ್ಲ ಕೇಳಿದೆವು. ಮೊದಲು ತುಂಬಿದ ಹುಡುಗ ಇನ್ನೊಂದು ಹಾಳೆ ಇದೆಯಾ ಅಂದ.